ಟ್ಯಾಂಕ್ ಕಾಲು ಭಾಗಕ್ಕೆ ಬಂತಾ, ಹಾಕಿಸ್ಬಿಡಿ

ಪವರ್ ಇರೋ ಕಾರ್ ಅಂದ ತಕ್ಷಣ ಎಲ್ರೂ ಕೇಳೋದು ಮೈಲೇಜ್ ಎಷ್ಟು ಅಂತ, ಅದು ಕಾರಿಗಿಂತ ಓಡಿಸೋರಿಗೆ ಬಿಟ್ಟಿದ್ದು. ಸ್ಕೋಡಾದ ಆಕ್ಟೇವಿಯಾ ಆರ್‌ಎಸ್ 245 ಕಾರ್ ನೋಡಿ, 2 ಲೀಟರ್ ಟರ್ಬೊ ಇಂಜಿನ್, ಅಂದ್ರೆ ಗಾಳಿನ ಒತ್ತಿ ತುಂಬ್ಕೊಳ್ಳೋದು, ಪವರ್ 245 ಪಿಎಸ್, ಟ್ಯಾಂಕ್ ಮಾತ್ರ 50 ಲೀಟರ್. ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಸುಮಾರು ಟರ್ಬೊ ಇಂಜಿನ್‌ಗಳು ಬಿಸಿ ತಡೆಯೋಕೇ ಅಂತ ಎಕ್ಸ್‌ಟ್ರಾ ಪೆಟ್ರೋಲ್ ಎಳ್ಕೊಳ್ತಾವೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಲಿ 80ರ ಬದ್ಲು 100ರಲ್ಲಿ ಹೋದ್ರೆ ಗಾಳಿ ತಡೆಯೋದು ಒಂದೂವರೆ ಪಟ್ಟು ದಾಟುತ್ತೆ, ಅದ್ರ ಮೇಲೆ ದುರ್ಗದ ಆಷಾಢದ ಗಾಳಿ ಗೊತ್ತಲ್ಲ, ಗುಡ್ಡದ ತುಂಬಾ ಕರೆಂಟ್ ತೆಗೆಯೋ ಗಾಳಿ ಫ್ಯಾನ್ ನಿಲ್ಸಿರೋ ಜಾಗ ಅದು, ಎದುರುಗಾಳಿ ಸಿಕ್ರೆ ಡಿಸ್‌ಪ್ಲೇಲಿ ಮೈಲೇಜ್ ಕಣ್ಮುಂದೇನೇ ಇಳಿಯುತ್ತೆ.

ನಂಗೆ ನಿಜವಾಗ್ಲೂ ಸಂಕಟ ಆಗೋದು ರಿಸರ್ವ್ ಲೈಟ್ ಹತ್ತಿದ್ಮೇಲೂ ಗಾಡಿ ಚಚ್ಚಿ ಓಡಿಸೋರನ್ನ ನೋಡಿದ್ರೆ. ಇಂಜಿನ್‌ಗೆ ಪೆಟ್ರೋಲ್ ತಳ್ಳೋ ಪಂಪ್ ಟ್ಯಾಂಕ್ ಒಳಗೇ ಇರುತ್ತೆ ಕಣ್ರಿ, ಅದನ್ನ ತಣ್ಣಗಿಡೋದೇ ಪೆಟ್ರೋಲು. ತಳದಲ್ಲಿ ಸ್ವಲ್ಪನೇ ಉಳಿದಾಗ ತಿರುವಲ್ಲಿ ಜೋರಾಗಿ ಹೋದ್ರೆ ಪೆಟ್ರೋಲ್ ಒಂದ್ಕಡೆ ಸರಿದು ಪಂಪ್ ಗಾಳಿ ಎಳ್ಕೊಳ್ಬಹುದು, ಟರ್ಬೊ ಪೂರ್ತಿ ಗಾಳಿ ತುಂಬ್ತಿರುವಾಗ ಪೆಟ್ರೋಲ್ ಸಾಲ್ದೆ ಹೋದ್ರೆ ನಾಕಿಂಗ್ ಆಗಿ, ಅಂದ್ರೆ ಇಂಜಿನ್ ಒಳಗೆ ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿದು, ಪಿಸ್ಟನ್‌ಗೇ ಪೆಟ್ಟು. ಹಾಗಂತ ಬಂಕಲ್ಲಿ ಆಟೋ ಕಟ್ ಆದ್ಮೇಲೂ ರೌಂಡ್ ಫಿಗರ್ ಮಾಡ್ಲಾ ಸಾರ್ ಅಂದ್ರೆ ಬೇಡ ಅನ್ನಿ, ಟ್ಯಾಂಕಿನ ಪೆಟ್ರೋಲ್ ಆವಿ ಹಿಡಿಯೋಕೆ ಕಾರಲ್ಲಿರೋ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿದ್ರೆ ಅದು ಕೆಡುತ್ತೆ.