ಅಟ್ಟದ ಕೋಣೆಗೆ ಹುಬ್ಬಳ್ಳಿಯ ಕೌದಿ

ಹುಬ್ಬಳ್ಳಿ-ಧಾರವಾಡದ ಹಳೆಯ ಹಂಚಿನ ಮನೆಗಳಲ್ಲಿ ಅಟ್ಟವೆಂದರೆ ಜೋಳದ ಚೀಲ, ಹಿತ್ತಾಳೆ ಹಂಡೆ, ವರ್ಷಕ್ಕೊಮ್ಮೆ ಕೆಳಗಿಳಿಯುವ ಗಣಪತಿ ಮಂಟಪದ ಹಲಗೆ ಇಡುವ ಜಾಗ. ಬೀಗರನ್ನು ಅಲ್ಲಿ ಮಲಗಿಸಿದರೆ ಮಾತು ಕೇಳುವುದು ತಪ್ಪಿದ್ದಲ್ಲ. ಇಂಗ್ಲೆಂಡಿನ ಸಾಲುಮನೆಗಳಲ್ಲಿ ಮಾತ್ರ ಊರಿನಿಂದ ಬಂದವರ ಪಾಲಿಗೆ ಬರುವುದೇ ಅಟ್ಟ. ಕೆಳಗಿನ ಎರಡು ಕೋಣೆ ಮನೆಯವರಿಗೂ ಮಕ್ಕಳಿಗೂ ಸರಿಹೋಗಿ, ಉಳಿಯುವುದು ಛಾವಣಿಯ ಇಳಿಜಾರಿನ ಕೆಳಗಿನ ಆ ಒಂದು ಕೋಣೆ. ಸಂದರ್ಶಕ ವೀಸಾದ ಮೇಲೆ ಬಂದ ಅಪ್ಪ-ಅವ್ವ ಆರು ತಿಂಗಳವರೆಗೂ ಇರಬಹುದು. ಹಾಗಾಗಿ ಇದು ಎರಡು ರಾತ್ರಿಯ ಮಾತಲ್ಲ.

ಇಂಥ ಕೋಣೆಯನ್ನು 400 ಪೌಂಡಿನೊಳಗೆ ಸಜ್ಜು ಮಾಡಬಹುದು. ಆ ದುಡ್ಡು ಹೋಗಬೇಕಾದದ್ದು ಹಾಸಿಗೆ, ಬೆಚ್ಚಗೆ, ಕತ್ತಲೆ ಈ ಮೂರಕ್ಕೆ. ಅಂದಚಂದಕ್ಕೆ ಹೆಚ್ಚು ಖರ್ಚು ಬೇಡ, ಅದು ಬರುವವರ ಪೆಟ್ಟಿಗೆಯಲ್ಲೇ ಬರುತ್ತದೆ. ಊರಿನಲ್ಲಿ ಇದನ್ನು ಓದುವವರಿಗೆ ಏನು ತರಬೇಕು, ಎಷ್ಟು ಅಳತೆಯದು ತರಬೇಕು ಎಂಬುದನ್ನೂ ಕೆಳಗೆ ಬರೆದಿದೆ.

ಅದಕ್ಕೂ ಮೊದಲು ಒಂದು ಮಾತು. ಮಡಚುವ ಏಣಿ ಇಳಿಸಿ ಹತ್ತುವ ಅಟ್ಟ ಮಲಗುವ ಕೋಣೆಯಲ್ಲ. ಸರಿಯಾದ ಮೆಟ್ಟಿಲು, ಬೆಂಕಿ ತಡೆಯುವ ಬಾಗಿಲು, ಪ್ರತಿ ಅಂತಸ್ತಿನಲ್ಲೂ ಒಂದಕ್ಕೊಂದು ಜೋಡಿಸಿದ ಹೊಗೆ ಎಚ್ಚರಿಕೆ ಗಂಟೆ, ಇಷ್ಟೂ ಇದ್ದು ಸ್ಥಳೀಯ ಆಡಳಿತದ ಪರವಾನಗಿ ಪಡೆದದ್ದಷ್ಟೇ ಕೋಣೆ. ಉಳಿದದ್ದು ಸಾಮಾನು ಇಡುವ ಅಟ್ಟ, ಎಷ್ಟು ಚೆಂದ ಬಣ್ಣ ಬಳಿದರೂ. ಪರವಾನಗಿ ಇದ್ದ ಕೋಣೆಯ ಮೆಟ್ಟಿಲೂ ಕಡಿದಾಗಿಯೇ ಇರುತ್ತದೆ, ನಿಯಮದಲ್ಲಿ 42 ಡಿಗ್ರಿಯವರೆಗೆ ಅವಕಾಶವಿದೆ. ಬಚ್ಚಲು ಬಹುತೇಕ ಕೆಳಗೆ. ಬರುವವರಿಗೆ ಮೊಣಕಾಲು ನೋವಿದ್ದರೆ ಈ ಲೇಖನವನ್ನು ನಿಮಗಾಗಿಯೇ ಓದಿಕೊಳ್ಳಿ: ಕೆಳಗಿನ ಕೋಣೆ ಅವರಿಗೆ ಕೊಟ್ಟು ಅಟ್ಟಕ್ಕೆ ನೀವು ಹತ್ತಿ.

ಅಟ್ಟದಲ್ಲಿ ಅಳೆಯಬೇಕಾದದ್ದು ನೆಲವನ್ನಲ್ಲ, ಎತ್ತರವನ್ನು. ಒಂದು ಮಾದರಿ ಕೋಣೆ ತೆಗೆದುಕೊಳ್ಳೋಣ. ಎರಡೂ ಬದಿಯ ಗಿಡ್ಡ ಗೋಡೆಗಳ ನಡುವೆ 3.6 ಮೀಟರ್, ಉದ್ದ 2.8 ಮೀಟರ್, ಗಿಡ್ಡ ಗೋಡೆಯ ಎತ್ತರ 90 ಸೆಂಟಿಮೀಟರ್, ಛಾವಣಿಯ ಇಳಿಜಾರು 40 ಡಿಗ್ರಿ. ಗೋಡೆಯಿಂದ ಪ್ರತಿ 10 ಸೆಂಟಿಮೀಟರ್ ಒಳಗೆ ಸರಿದಂತೆ ತಲೆಯ ಮೇಲಿನ ಎತ್ತರ 8.4 ಸೆಂಟಿಮೀಟರ್ ಏರುತ್ತದೆ. ಇಳಿಜಾರು 35 ಡಿಗ್ರಿ ಇದ್ದರೆ 7, 45 ಇದ್ದರೆ ಸರಿಯಾಗಿ 10. ನಮ್ಮ ಮಾದರಿಯಲ್ಲಿ ನಟ್ಟನಡುವೆ 2.4 ಮೀಟರ್ ಸಿಗುತ್ತದೆ.

ಹಾಸಿಗೆಯ ಮೇಲೆ ಎದ್ದು ಕೂತವರ ತಲೆ ಗಾದಿಯಿಂದ 85-90 ಸೆಂಟಿಮೀಟರ್ ಮೇಲಿರುತ್ತದೆ. ಗಾದಿಯ ಮೇಲ್ಮೈ ನೆಲದಿಂದ 45 ಸೆಂಟಿಮೀಟರ್ ಇರಲಿ. ವಯಸ್ಸಾದವರಿಗೆ ಅದಕ್ಕಿಂತ ತಗ್ಗಾದರೆ ಏಳುವುದು ಕಷ್ಟ. ಎರಡೂ ಕೂಡಿದರೆ 1.35 ಮೀಟರ್. ಇನ್ನು 90 ಸೆಂಟಿಮೀಟರ್ ಅಗಲದ ಒಂಟಿ ಮಂಚವನ್ನು ಗಿಡ್ಡ ಗೋಡೆಗೆ ತಾಗಿಸಿಟ್ಟರೆ ಅದರ ನಡುವಿನಲ್ಲಿ ಸಿಗುವ ಎತ್ತರ 1.28 ಮೀಟರ್ ಅಷ್ಟೆ. ನಸುಕಿನಲ್ಲಿ ಎದ್ದು ಕೂತೊಡನೆ ಢಂ. ಅದೇ ಮಂಚವನ್ನು ಗೋಡೆಯಿಂದ 30 ಸೆಂಟಿಮೀಟರ್ ಈಚೆ ಎಳೆಯಿರಿ, ನಡುವಿನ ಎತ್ತರ 1.53 ಆಗುತ್ತದೆ. ಆಚೆ ಬದಿಗೂ ಇದೇ ಲೆಕ್ಕದಲ್ಲಿ ಇನ್ನೊಂದು. 30 ಮತ್ತು 90, ಎರಡು ಬದಿಗೂ ಸೇರಿ 2.4 ಮೀಟರ್ ಹೋಯಿತು. ನಡುವೆ ಉಳಿಯುವುದು 1.2 ಮೀಟರ್ ಅಗಲದ ದಾರಿ, ಅದರ ಅಂಚಿನಲ್ಲೂ ಎತ್ತರ 1.9 ಮೀಟರ್. ನಮ್ಮ ಕಡೆಯ ಹಿರಿಯರಲ್ಲಿ ಹೆಚ್ಚಿನವರು ಬಗ್ಗದೆ ನಡೆಯಬಹುದು.

ಜೋಡಿ ಮಂಚ ಯಾಕೆ ಬೇಡವೆಂದರೆ, ಅದನ್ನು ನಟ್ಟನಡುವೆ ಇಡಬೇಕಾಗುತ್ತದೆ. ಕೋಣೆಯಲ್ಲಿ ನಿಲ್ಲಲು ಇರುವ ಒಂದೇ ಜಾಗ ಮಲಗುವವರಿಗೆ ಹೋಗಿ, ಓಡಾಡುವವರು ಬದಿಯಲ್ಲಿ ಬಗ್ಗಿ ನಡೆಯಬೇಕು. ನಾಲ್ಕೂವರೆಗೆ ಏಳುವ ಅಪ್ಪ, ಆರಕ್ಕೆ ಏಳುವ ಅವ್ವ ಒಂದೇ ಗಾದಿಯ ಮೇಲಿದ್ದರೆ ಯಾರ ನಿದ್ದೆಯೂ ಪೂರ್ತಿಯಾಗದು.

ಅಂತರ್ಜಾಲದ ತುಂಬ ಕಾಣುವ ಸರಕಿನ ಮರದ ಪ್ಯಾಲೆಟ್ಟಿನ ಮಂಚವನ್ನೂ ಮರೆತುಬಿಡಿ. ಯುರೋಪಿನ ಪ್ಯಾಲೆಟ್ಟು 120 × 80 ಸೆಂಟಿಮೀಟರ್. ಇಲ್ಲಿನ ಒಂಟಿ ಗಾದಿ 90 × 190. ಎರಡು ಪ್ಯಾಲೆಟ್ಟು ಉದ್ದಕ್ಕೆ ಜೋಡಿಸಿದರೆ ಕಾಲಬದಿಗೆ 50 ಸೆಂಟಿಮೀಟರ್ ಹೊರಚಾಚಿ ಮೊಣಕಾಲ ಕೆಳಗೆ ಬಡಿಯುತ್ತದೆ, ಅಗಲದಲ್ಲಿ ಗಾದಿಯೇ ಹೊರಗೆ ಇಳಿಬೀಳುತ್ತದೆ. ಒಂದೊಂದೂ 20 ಕೆಜಿಗೆ ಮೇಲೆ, ಆ ಮೆಟ್ಟಿಲಿನಲ್ಲಿ ಹೊತ್ತವರಿಗೇ ಗೊತ್ತು. ದಾನವಾಗಿ ಬಂದ ಹಳೆಯ ಸಾಮಾನು ಮಾರುವ ಧರ್ಮಾರ್ಥ ಅಂಗಡಿಗಳಲ್ಲಿ ಹಳೆಯ ಪೈನ್ ಮರದ ಒಂಟಿ ಮಂಚ 30-40 ಪೌಂಡಿಗೆ ಸಿಗುತ್ತದೆ. ಬಿಚ್ಚಿ ತಂದು ಮೇಲೆ ಜೋಡಿಸಿ. ತಳ ಪಟ್ಟಿಗಳದ್ದೇ ಇರಲಿ, ಗಟ್ಟಿ ಹಲಗೆಯದ್ದು ಬೇಡ, ಕಾರಣ ಮುಂದೆ ಬರುತ್ತದೆ. ಬಟ್ಟೆ-ಸ್ಪಂಜು ಹೊದಿಸಿದ ಪೀಠೋಪಕರಣವಾದರೆ 1988ರ ನಿಯಮದ ಬೆಂಕಿ ಸುರಕ್ಷತೆಯ ಚೀಟಿ ಹೊಲಿದಿರಬೇಕು. ಚೀಟಿ ಕಿತ್ತುಹೋದದ್ದನ್ನು ಅಂಗಡಿಗಳು ಮಾರುವುದಿಲ್ಲ, ನೀವೂ ಪುಕ್ಕಟೆ ಸಿಕ್ಕಿತೆಂದು ತರಬೇಡಿ. ಗಾದಿ ಮಾತ್ರ ಹೊಸದೇ ಇರಲಿ. ಹಳೆಯದರ ಹೊಲಿಗೆಯ ಅಂಚಿನಲ್ಲಿ ತಿಗಣೆ ಬಂದರೆ ಉಳಿಸಿದ ದುಡ್ಡಿನ ಹತ್ತುಪಟ್ಟು ಹೋಗುತ್ತದೆ. ಸುರುಳಿ ಸುತ್ತಿ ಡಬ್ಬಿಯಲ್ಲಿ ಬರುವ ಗಾದಿ ಎಂಥ ಮೆಟ್ಟಿಲನ್ನೂ ಹತ್ತುತ್ತದೆ. ಉಬ್ಬಿ ಸರಿಯಾಗಲು ಒಂದರಿಂದ ಮೂರು ದಿನ ಬೇಕು, ವಾಸನೆ ಹೋಗಲು ಕಿಟಕಿ ತೆರೆದಿಡಬೇಕು. ವಿಮಾನ ಇಳಿಯುವ ದಿನ ಬಿಚ್ಚುವ ಕೆಲಸವಲ್ಲ.

ಮಂಚಕ್ಕೂ ಗಿಡ್ಡ ಗೋಡೆಗೂ ನಡುವೆ ಬಿಟ್ಟ 30 ಸೆಂಟಿಮೀಟರೇ ಈ ಕೋಣೆಯ ಕಪಾಟು. ನಮ್ಮ ಹಳೆಯ ಮನೆಗಳ ಗೋಡೆಯಲ್ಲಿ ಮಾಡ ಇರುತ್ತಿತ್ತಲ್ಲ, ದೀಪ, ಕನ್ನಡಕ, ಎಲೆಅಡಿಕೆ ಚೀಲ ಇಡಲು, ಅದರ ಕೆಲಸ ಇದು ಮಾಡುತ್ತದೆ. 18 ಮಿಲಿಮೀಟರ್ ದಪ್ಪದ ಹಲಗೆ, 27 ಸೆಂಟಿಮೀಟರ್ ಅಗಲ, ಗಾದಿಯ ಮಟ್ಟಕ್ಕಿಂತ ಒಂದು ಬೆರಳು ಮೇಲೆ. 60 ಸೆಂಟಿಮೀಟರಿಗೊಂದು ಕಾಲು ಕೊಡದಿದ್ದರೆ ಒಂದೇ ವರ್ಷದಲ್ಲಿ ಬಾಗುತ್ತದೆ. ಹಿಂದೆ 3 ಸೆಂಟಿಮೀಟರ್ ಸಂದು ಬಿಡಿ, ಗೋಡೆಗೆ ಅಂಟಿಸಬೇಡಿ. ಗೋಡೆಯಲ್ಲಿ ಕೋಣೆ ಕಾಯಿಸುವ ರೇಡಿಯೇಟರ್ ಇದ್ದ ಕಡೆ ಹಲಗೆಯನ್ನು ಕಡಿದು ನಿಲ್ಲಿಸಿ.

ಆ ಸಂದು ಯಾಕೆಂದರೆ ತೇವ. ಇಬ್ಬರು ಮಲಗಿದ ಕೋಣೆಯಲ್ಲಿ ಬೆಳಗಾಗುವುದರೊಳಗೆ ಉಸಿರು-ಬೆವರಿನಿಂದ ಅರ್ಧ ಲೀಟರ್ ನೀರು ಗಾಳಿಗೆ ಸೇರುತ್ತದೆ. ಬೆಚ್ಚಗಿನ ಆ ಗಾಳಿ ತಣ್ಣನೆಯ ಗೋಡೆ, ಮೂಲೆ, ಗಾಜಿಗೆ ತಾಗಿದಲ್ಲಿ ನೀರಾಗಿ ಇಳಿಯುತ್ತದೆ. ಗಾಳಿಯಾಡದ ಕಡೆ ಹದಿನೈದು ದಿನದಲ್ಲಿ ಕಪ್ಪು ಬೂಷ್ಟು. ಗಟ್ಟಿ ಹಲಗೆಯ ಮೇಲಿಟ್ಟ ಗಾದಿಯ ತಳವೂ ಹೀಗೇ ಕೆಡುತ್ತದೆ. ಊರಿನ ರೂಢಿಯಂತೆ ನೆಲಕ್ಕೇ ಗಾದಿ ಹಾಸಿಕೊಳ್ಳುತ್ತೇವೆ ಎನ್ನುವವರಿದ್ದರೆ ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸಿಡಲೇಬೇಕು. ಎಂಟು-ಹತ್ತು ಪೌಂಡಿನ ತೇವಾಂಶ ಮಾಪಕ ಒಂದಿರಲಿ. ಶೇಕಡಾ 40ರಿಂದ 60 ಒಳ್ಳೆಯದು. ದಿನಗಟ್ಟಲೆ 65 ದಾಟಿದರೆ ಕಿಟಕಿಯ ಮೇಲಿನ ಗಾಳಿ ಸೀಳು ಮುಚ್ಚಿದೆಯೇ ನೋಡಿ. ಚಳಿ ಬರುತ್ತದೆಂದು ಅದಕ್ಕೆ ಬಟ್ಟೆ ತುರುಕುವುದು ಹಿರಿಯರ ಮೊದಲ ಕೆಲಸ, ಮೊದಲೇ ಹೇಳಿಡಿ. ಒದ್ದೆ ಧೋತರ, ಸೀರೆ ಈ ಕೋಣೆಯಲ್ಲಿ ಒಣಗಿಸುವಂತಿಲ್ಲ. ಇಳಿಜಾರಿನೊಳಗಿನ ಗಿಡ್ಡ ಬಾಗಿಲ ಹಿಂದಿನ ಗೂಡು ಪೆಟ್ಟಿಗೆ ಇಡಲು ಸರಿ, ಖಡಕ್ ರೊಟ್ಟಿಗೆ ಅಲ್ಲ. ಅಲ್ಲಿ ರೊಟ್ಟಿ ಮೆತ್ತಗಾಗುತ್ತದೆ.

ಕೋಣೆ 18-20 ಡಿಗ್ರಿಯಲ್ಲಿದ್ದರೆ ಸಾಕು, ಉಳಿದದ್ದು ಹೊದಿಕೆ ನೋಡಿಕೊಳ್ಳುತ್ತದೆ. ಈಗ ಕೌದಿಯ ಮಾತು. ಹೊಸದಾಗಿ ಹೊಲಿಸುವುದಾದರೆ 4 × 7 ಅಡಿ ಅಳತೆ ಹೇಳಿ, ಒಂಟಿ ಮಂಚಕ್ಕೆ ಎರಡೂ ಬದಿ ಇಳಿಯುತ್ತದೆ. ಮೂರ್ನಾಲ್ಕು ಪದರದ್ದು ಸಾಕು. ಹೆಚ್ಚು ಪದರವಾದರೆ 23 ಕೆಜಿ ಪೆಟ್ಟಿಗೆಯಲ್ಲಿ ಚಟ್ನಿಪುಡಿಗೆ ಜಾಗ ಉಳಿಯದು. ಗಾಳಿ ಎಳೆಯುವ ಚೀಲ ಗಾತ್ರ ಇಳಿಸುತ್ತದೆ, ತೂಕವನ್ನಲ್ಲ. ದಪ್ಪ ಕೌದಿ ಇಲ್ಲಿ ಮನೆಯ ಯಂತ್ರದಲ್ಲಿ ಒಗೆದರೆ ನಾಲ್ಕು ದಿನವಾದರೂ ಒಣಗದು. ಮೇಲೊಂದು ತೆಗೆಯುವ ಗವುಸು ಹಾಕಿ, ಅದನ್ನಷ್ಟೇ ಒಗೆಯಿರಿ. ಇಲ್ಲಿನ ಹಗುರ ರಜಾಯಿಯ ಮೇಲೆ ಕೌದಿ ಹೊದೆದರೆ ಅದರ ಭಾರಕ್ಕೇ ನಿದ್ದೆ ಬರುತ್ತದೆ ಎನ್ನುವ ಹಿರಿಯರು ಸುಳ್ಳು ಹೇಳುವುದಿಲ್ಲ.

ನಡುವಿನ ದಾರಿಗೆ ನವಲಗುಂದ ಜಮಖಾನ, 3 × 6 ಅಡಿಯದು. ಭೌಗೋಳಿಕ ಗುರುತು ಪಡೆದ ನೇಯ್ಗೆ, ಆ ಕೆಂಪು-ಹಳದಿ ಒಂದಿದ್ದರೆ ಕೋಣೆಗೆ ಬೇರೆ ಬಣ್ಣವೇ ಬೇಡ. ಕೆಳಗೆ ಜಾರದ ರಬ್ಬರ್ ಜಾಳಿಗೆ ಹಾಸಲೇಬೇಕು, ಮೆಟ್ಟಿಲ ತಲೆಯ ಹತ್ತಿರ ಮಾತ್ರ ಏನನ್ನೂ ಹಾಸಬಾರದು. ಕಂಬಳಿ ತರುವವರು ಗಮನಿಸಿ: ಇಲ್ಲಿನ ನುಸಿಹುಳು ಉಣ್ಣೆ ತಿನ್ನುತ್ತದೆ. ಬೇಸಿಗೆಯಲ್ಲಿ ಬಿಗಿ ಚೀಲದಲ್ಲಿಡಿ. ತೂತು ಕಂಡರೆ ಎರಡು ವಾರ ಫ್ರೀಜರಿನಲ್ಲಿ. ಕಸೂತಿಯ ತುಂಡಿಗೆ ಚೌಕಟ್ಟು ಹಾಕಿಸುವುದಾದರೆ ಇಳಿಜಾರು ಮುಗಿಯುವ ತುದಿಯ ತ್ರಿಕೋನದ ನೇರ ಗೋಡೆಗೆ ತೂಗುಹಾಕಿ, ಛಾವಣಿ ಕಿಟಕಿಯ ಬಿಸಿಲು ಬೀಳದ ಕಡೆ.

ಇಳಿಜಾರಿಗೆ ಮೊಳೆ ಹೊಡೆಯುವ ಆಸೆ ಬೇಡ. ಪ್ಲಾಸ್ಟರ್ ಹಲಗೆಯ ದಪ್ಪ 12.5 ಮಿಲಿಮೀಟರ್, ಅದರ ಹಿಂದೆ ತೇವ ತಡೆಯುವ ಹಾಳೆ. ಉದ್ದ ತಿರುಪು ಅದನ್ನು ತೂತು ಮಾಡಿದರೆ ಒಳಗಿನ ಶಾಖನಿರೋಧಕ ನಿಧಾನವಾಗಿ ನೆನೆಯುತ್ತದೆ. ಬಟ್ಟೆಗೆ ಎತ್ತರದ ಕಪಾಟು ಇಲ್ಲಿ ನಿಲ್ಲದು. ನೇರ ಗೋಡೆಯ ಮೇಲೆ 1.5 ಮೀಟರ್ ಎತ್ತರಕ್ಕೆ ಗೂಟದ ಹಲಗೆ ಸಾಕು. ಅಯಸ್ಕಾಂತ ಆಡಿಸಿ ಹಲಗೆಯ ತಿರುಪು ಸಿಕ್ಕ ಸಾಲು ನೋಡಿ, ಅಲ್ಲಿ ಒಳಗೆ ಮರ ಇರುತ್ತದೆ, ಅದಕ್ಕೇ ಬಿಗಿಯಿರಿ.

ಜೂನ್ 21ರ ಆಸುಪಾಸಿನಲ್ಲಿ ಲಂಡನ್ನಿನಲ್ಲಿ 4.45ರೊಳಗೆ ಸೂರ್ಯ ಹುಟ್ಟಿ ರಾತ್ರಿ 9.20ರವರೆಗೆ ಮುಳುಗುವುದಿಲ್ಲ. ಮೊದಲೇ ನಾಲ್ಕೂವರೆ ಗಂಟೆ ಹಿಂದೆ ಸರಿದ ಗಡಿಯಾರದಲ್ಲಿ ಒದ್ದಾಡುವ ದೇಹಕ್ಕೆ ತಲೆಯ ಮೇಲಿನ ಕಿಟಕಿ ಇನ್ನೊಂದು ಪೀಡೆ. ಕಿಟಕಿ ತೆರೆದರೆ ಚೌಕಟ್ಟಿನ ಮೇಲ್ಭಾಗದಲ್ಲಿ ಚಿಕ್ಕ ತಗಡಿನ ಪಟ್ಟಿಯಲ್ಲಿ ಅಳತೆಯ ಸಂಕೇತ ಇರುತ್ತದೆ. ವೆಲಕ್ಸ್ ಕಂಪನಿಯ ಛಾವಣಿ ಕಿಟಕಿಯಲ್ಲಿ ಎಂಕೆ04 ಎಂದಿದ್ದರೆ 78 × 98 ಸೆಂಟಿಮೀಟರ್. ಕತ್ತಲೆ ಪರದೆಯನ್ನು ಆ ಸಂಕೇತ ಕೊಟ್ಟೇ ತರಿಸಬೇಕು, ಗಾಜು ಅಳೆದು ತರಿಸಿದ್ದು ಕೂರುವುದಿಲ್ಲ. ಅಷ್ಟು ದುಡ್ಡಿಲ್ಲದಿದ್ದರೆ 5 ಮಿಲಿಮೀಟರ್ ದಪ್ಪದ ನೊರೆ ಹಲಗೆ ಚೌಕಟ್ಟಿನೊಳಗೆ ಬಿಗಿಯಾಗಿ ಕತ್ತರಿಸಿ ವೆಲ್ಕ್ರೋದಿಂದ ನಿಲ್ಲಿಸಿ. ಬಿಳಿಯ ಬದಿ ಹೊರಗಿರಲಿ, ಹಗಲು ತೆಗೆದಿಡಿ. ಕಪ್ಪು ಬದಿ ಗಾಜಿಗಿದ್ದರೆ ನಡುವೆ ಬಿಸಿ ಕಟ್ಟಿ ಗಾಜು ಸೀಳುವ ಸಂಭವ ಉಂಟು. ಸಾದಾ ಪರದೆಯನ್ನು ಇಳಿಜಾರಿಗೆ ಹಾಕಿದರೆ ಅದು ಕೋಣೆಯ ಒಳಕ್ಕೆ ಜೋತುಬೀಳುತ್ತದೆ. ಕೆಳಗೂ ಒಂದು ಕೋಲು ಹಾಕಿ ಬಟ್ಟೆಯನ್ನು ಅದರ ಹಿಂದೆ ಸಿಕ್ಕಿಸಬೇಕು.

ಲಂಡನ್ನಿನಲ್ಲಿ ಎಂಥ ಸೆಕೆ ಎಂದು ಹುಬ್ಬಳ್ಳಿಯವರು ನಗಬಹುದು. 2022ರ ಜುಲೈ 19ರಂದು ಇಂಗ್ಲೆಂಡಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು. ಅಂಥ ದಿನ ಅಟ್ಟ ಮೊದಲು ಕಾಯುತ್ತದೆ, ಕೊನೆಗೆ ಆರುತ್ತದೆ. ಛಾವಣಿ ತಗ್ಗು, ಆದ್ದರಿಂದ ಮೇಲೆ ಫ್ಯಾನು ಹಾಕುವಂತಿಲ್ಲ. ಮೇಜಿನ ಫ್ಯಾನು ಇಟ್ಟುಕೊಳ್ಳಿ. ಕಿಟಕಿಯ ನೆರಳು ಒಳಗಿಗಿಂತ ಹೊರಗಿದ್ದರೆ ಹೆಚ್ಚು ಉಪಯೋಗ.

ದೀಪವೂ ಛಾವಣಿಯಿಂದ ತೂಗುವುದು ಬೇಡ, ತಲೆಗೆ ತಾಗುತ್ತದೆ, ಮಲಗಿದವರ ಕಣ್ಣಿಗೂ ಚುಚ್ಚುತ್ತದೆ. ಎರಡು ಮಾಡದ ಹಲಗೆಗಳ ಮೇಲೂ ಒಂದೊಂದು ಐದು ವ್ಯಾಟಿನ ಎಲ್‌ಇಡಿ, 2700 ಕೆಲ್ವಿನ್‌ನ ಹಳದಿ ಬೆಳಕು. ಮೆಟ್ಟಿಲ ತಲೆಗೆ ನಡೆದಾಗ ಹತ್ತುವ ದೀಪ. ಮೆಟ್ಟಿಲಿನ ಎರಡೂ ಬದಿ ಹಿಡಿಕೋಲು.

ಬಣ್ಣದ ಮಾತು ಚಿಕ್ಕದು. ಇಳಿಜಾರು, ಗಿಡ್ಡ ಗೋಡೆ, ತ್ರಿಕೋನ ಎಲ್ಲಕ್ಕೂ ಒಂದೇ ಬಣ್ಣ, ಹೊಳಪಿಲ್ಲದ ಕೆನೆಬಿಳಿ. ಗೋಡೆಗೊಂದು ಇಳಿಜಾರಿಗೊಂದು ಹಚ್ಚಿದರೆ ಕಣ್ಣು ಆ ಗೆರೆಯಲ್ಲೇ ನಿಂತು ಕೋಣೆ ಇನ್ನೂ ತಗ್ಗಾಗಿ ಕಾಣುತ್ತದೆ. ಮಾದರಿ ಕೋಣೆಯ ಮೇಲ್ಮೈ ಸುಮಾರು 30 ಚದರ ಮೀಟರ್. ಎರಡು ಲೇಪಕ್ಕೆ 5 ಲೀಟರಿನ ಒಂದು ಡಬ್ಬಿ ಸಾಕು. ಇಳಿಜಾರು ಗೋಡೆಗೆ ಕೂಡುವಲ್ಲಿ ಪ್ರತಿ ಚಳಿಗಾಲ ಬಿರುಕು ಬಿಡುತ್ತದೆ, ಮರ ಒಣಗಿ ಕುಗ್ಗುವುದರಿಂದ. ಅಲ್ಲಿ ಗಟ್ಟಿ ಪುಟ್ಟಿ ತುಂಬಿದರೆ ಮತ್ತೆ ಸೀಳುತ್ತದೆ, ಸಂದು ತುಂಬುವ, ಬಾಗುವ ಮೆತ್ತನೆಯ ಅಂಟಾದ ಅಕ್ರಿಲಿಕ್ ಕಾಕ್ ತುಂಬಿ.

ಲೆಕ್ಕ ಹೀಗೆ ಬರುತ್ತದೆ, ಊರಿಂದ ಊರಿಗೆ ಸ್ವಲ್ಪ ಆಚೀಚೆ: ಹಳೆಯ ಮಂಚ ಎರಡಕ್ಕೆ 70, ಹೊಸ ಗಾದಿ ಎರಡಕ್ಕೆ 160, ಬಣ್ಣ-ಕಾಕ್-ರೋಲರಿಗೆ 50, ಹಲಗೆಗೆ 40, ದೀಪಗಳಿಗೆ 30, ಕತ್ತಲೆ ಹಲಗೆಗೆ 15, ಜಾಳಿಗೆ ಮತ್ತು ಮಾಪಕಕ್ಕೆ 18, ತಂತಿಯಿಲ್ಲದ ಕರೆಗಂಟೆಗೆ (ಅದರ ಕೆಲಸ ಕೊನೆಗೆ ಬರುತ್ತದೆ) 12. ಒಟ್ಟು 395 ಪೌಂಡ್.

ಧಾರವಾಡದ ಹಂಚಿನ ಮನೆಯ ಅಟ್ಟವನ್ನೂ ಹೀಗೆ ಮಾಡಬಹುದೇ ಎಂದರೆ, ಎತ್ತರದ ಲೆಕ್ಕ ಅಲ್ಲೂ ಇದೇ, ಉಳಿದದ್ದು ತಿರುಗುಮುರುಗು. ಅಲ್ಲಿ ಓಡಿಸಬೇಕಾದದ್ದು ಶಾಖ. ಹಂಚಿನ ಸಂದುಗಳಿಂದ ಬಿಸಿಗಾಳಿ ಹೊರಹೋಗುತ್ತದೆ; ಚೆಂದಕ್ಕೆಂದು ಕೆಳಗೆ ಚಪ್ಪಟೆ ಒಳಛಾವಣಿ ಹೊಡೆದು ಮೇಲೆ ಗಾಳಿಗಂಡಿ ಬಿಡದಿದ್ದರೆ ಏಪ್ರಿಲಿನಲ್ಲಿ ಅದು ಒಲೆ. ಜಂತಿಗೆ ಗೆದ್ದಲು ಹತ್ತಿದೆಯೇ ಎಂದು ಚಾಕುವಿನ ಮೊನೆ ಚುಚ್ಚಿ ನೋಡಿ, ಬೆಳಕಿಗೆ ಎರಡು ಗಾಜಿನ ಹಂಚು ಕೂರಿಸಿ. ಮಂಗಗಳು ಹಂಚು ಜರುಗಿಸುವ ಓಣಿಯಾದರೆ ಮಳೆಗಾಲಕ್ಕೆ ಮೊದಲು ಒಮ್ಮೆ ಆಳು ಹತ್ತಿಸಿ ಹಂಚು ಸರಿಪಡಿಸಿದ ಮೇಲೆಯೇ ಹಾಸಿಗೆ.

ಎಲ್ಲ ಮುಗಿದ ಮೇಲೆ, ವಿಮಾನ ಇಳಿಯುವ ಮೂರು ದಿನ ಮೊದಲು, ಮನೆಯವರೊಬ್ಬರು ಒಂದು ರಾತ್ರಿ ಅಲ್ಲಿ ಮಲಗಿ, ಕತ್ತಲಲ್ಲೇ ಎದ್ದು ಬಚ್ಚಲಿಗೆ ಹೋಗಿ ಬರಬೇಕು. ತಲೆ ತಾಗಿದ ಪ್ರತಿ ಅಂಚಿಗೂ ನಲ್ಲಿ ಕೊಳವೆಗೆ ಸುತ್ತುವ ನೊರೆಯ ತೋಳು ಸೀಳಿ ಅಂಟಿಸಿ. ಕರೆಗಂಟೆಯ ಗುಂಡಿ ಅವ್ವನ ದಿಂಬಿನ ಪಕ್ಕದ ಹಲಗೆಯ ಮೇಲೆ, ನೀರಿನ ತಂಬಿಗೆಯ ಹತ್ತಿರ. ಗಂಟೆ ಕೆಳಗೆ ನಿಮ್ಮ ಕೋಣೆಯಲ್ಲಿ.