ಆವತಿ ಬೆಟ್ಟದ ಮೇಲೆ ಮೇಷ್ಟ್ರು ಇಟ್ಟ ಕಲ್ಲುಗಳು

ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ 'ಆವತಿ ನಾಡಪ್ರಭುಗಳ ಬಗ್ಗೆ ಟಿಪ್ಪಣಿ ಬರೆಯಿರಿ' ಅಂತ ಒಂದು ಪ್ರಶ್ನೆ ಬಂದಿತ್ತು. ಓದಿರಲಿಲ್ಲ. ಆದರೂ ಧೈರ್ಯವಾಗಿ 'ಆವತಿಯನ್ನು ಕಟ್ಟಿದವರು ಕೆಂಪೇಗೌಡರು' ಎಂದು ಶುರು ಮಾಡಿದೆ. ಸಮಾಜ ಮೇಷ್ಟ್ರು ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಬರೆದಿದ್ದರು: 'ಮರಿಮಗ ಮುತ್ತಾತನ ಮನೆ ಕಟ್ಟಿದನೇನಪ್ಪಾ?' ಕೆಳಗೆ ದೊಡ್ಡ ಸೊನ್ನೆ.

ಮುಂದಿನ ಶನಿವಾರ ಬೆಳಗಿನ ಕ್ಲಾಸ್ ಮುಗಿದ ಮೇಲೆ ಸೈಕಲ್ ಇದ್ದವರನ್ನೆಲ್ಲ ಹೊರಡಿಸಿದರು. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ರಸ್ತೆ ಹಿಡಿದರೆ ಆವತಿ. ಆಗ ಎರಡೂ ಕಡೆ ದ್ರಾಕ್ಷಿ ತೋಟ, ಲಾರಿ ಬಂದರೆ ಇಳಿದು ನಿಲ್ಲಬೇಕಾದ ರಸ್ತೆ. ಬೆಟ್ಟ ಹತ್ತಿ ತಿಮ್ಮರಾಯಸ್ವಾಮಿ ಗುಡಿ ಹತ್ತಿರ ಕೂತೆವು. ಯಾರೋ ಮನೆಯಿಂದ ಚಕೋತ ತಂದಿದ್ದರು. ಅದನ್ನು ಸುಲಿದು ಉಪ್ಪು ಹಚ್ಚಿಕೊಂಡು ತಿನ್ನುತ್ತಾ ಕಥೆ ಕೇಳಿದೆವು.

ಸುಮಾರು ಆರುನೂರು ವರ್ಷದ ಹಿಂದಿನ ಮಾತು. ಕಂಚಿ ಕಡೆಯಿಂದ ಏಳು ಜನ ಒಕ್ಕಲಿಗರು ಸಂಸಾರ ಸಮೇತ ಬಂಡಿ ಕಟ್ಟಿಕೊಂಡು ರಾತ್ರೋರಾತ್ರಿ ಹೊರಟರಂತೆ. ಅಲ್ಲಿನ ಪಾಳೇಗಾರನೊಬ್ಬ ಅವರ ಮನೆ ಮಗಳು ದೊಡ್ಡಮ್ಮನನ್ನು ಮದುವೆಯಾಗುತ್ತೇನೆಂದು ಹಠ ಹಿಡಿದಿದ್ದನಂತೆ. ಪಾಲಾರ್ ಹೊಳೆ ತುಂಬಿ ಹರಿಯುತ್ತಿತ್ತು. ದೊಡ್ಡಮ್ಮ ಕಿವಿಯ ಓಲೆ ಬಿಚ್ಚಿ ನೀರಿಗೆ ಹಾಕಿದಳು, ಹೊಳೆ ಎರಡಾಗಿ ದಾರಿ ಬಿಟ್ಟಿತು. ಬಂಡಿಗಳು ನಂದಿಯ ಪೂರ್ವಕ್ಕಿರುವ ಬೆಟ್ಟದ ಬುಡದಲ್ಲಿ ತಂಗಿದವು. ಅಲ್ಲಿ ಬಿದ್ದ ಕನಸು ಹೇಳಿದ ಜಾಗವೇ ಆವತಿ. ಅವರ ಹಿರಿಯ ರಣಭೈರೇಗೌಡರು.

'ಓಲೆ ಹಾಕಿದ್ರೆ ಹೊಳೆ ಸೀಳುತ್ತಾ ಸಾರ್?' ಅಂದ ಹಿಂದಿನ ಬೆಂಚಿನವನು. ಮೇಷ್ಟ್ರು ನಕ್ಕರು. 'ಹೊಳೆ ಬಿಡಪ್ಪ, ಬಂಡಿ ನೋಡು. ರಾಜ ಆಗೋಕೆ ಬಂದೋರು ಬಂಡಿ ತುಂಬಾ ಮಕ್ಕಳು ಮರಿ ತುಂಬ್ಕೊಂಡು ಬರ್ತಾರಾ? ಇವರು ಉಳಕೊಂಡು ಬದುಕೋಕೆ ಬಂದೋರು.'

ಆಮೇಲೆ ಮಣ್ಣಿನ ಮೇಲೆ ಒಂದು ದೊಡ್ಡ ಕಲ್ಲಿಟ್ಟರು. ಇದು ಆವತಿ. ದಕ್ಷಿಣಕ್ಕೊಂದು ಕಲ್ಲು, ದೇವನಹಳ್ಳಿ. ಇದೇ ಮನೆತನದ ಮಲ್ಲಭೈರೇಗೌಡರು 1501ರಲ್ಲಿ ಅಲ್ಲಿ ಮಣ್ಣಿನ ಕೋಟೆ ಕಟ್ಟಿಸಿದರು. ಈಗ ಕಾಣುವ ಕಲ್ಲಿನ ಕೋಟೆ ಹೈದರಾಲಿಯ ಕಾಲದ್ದು. ಉತ್ತರಕ್ಕೆ ಚಿಕ್ಕಬಳ್ಳಾಪುರ, ಪಶ್ಚಿಮಕ್ಕೆ ದೊಡ್ಡಬಳ್ಳಾಪುರ. ಕೊನೆಗೆ ಯಲಹಂಕ. ಅಲ್ಲಿಗೆ ಹೋದ ಜಯಗೌಡರ ಪೀಳಿಗೆಯಲ್ಲಿ ಹುಟ್ಟಿದವರೇ 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿದ ಕೆಂಪೇಗೌಡರು. ಆ ಕಲ್ಲು ಇಡುವಾಗ ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಚಕೋತದ ಸಿಪ್ಪೆ ನೋಡುತ್ತಿದ್ದೆ.

ಮನೆಗೆ ಹೋಗಿ ಅಜ್ಜಿಗೆ ಹೇಳಿದರೆ, ಅವರಿಗೆ ಕೋಟೆ ಯಾರು ಕಟ್ಟಿದರೋ ಬೇಕಿರಲಿಲ್ಲ. ಅವರು ಹೇಳಿದ್ದು ಬೆರಳಿನ ವಿಷಯ. ಆ ಬಂಡಿಯವರ ಪಂಗಡವಾದ ಮೊರಸು ಒಕ್ಕಲಿಗರಲ್ಲಿ ಮಗಳಿಗೆ ಕಿವಿ ಚುಚ್ಚಿಸುವ ಮೊದಲು ತಾಯಿ ಎರಡು ಬೆರಳಿನ ತುದಿ ಕತ್ತರಿಸಿ ಕೊಡಬೇಕಿತ್ತಂತೆ. ಬಂಡಿ ದೇವರ ಹರಕೆ ಅದು. ಕೆಂಪೇಗೌಡರು ನಿಲ್ಲಿಸಿದರು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಬ್ರಿಟಿಷರ ಕಾಲದ ದಾಖಲೆಗಳಲ್ಲೂ ಆ ಪದ್ಧತಿಯ ಮಾತು ಬರುತ್ತದೆ. ಅಷ್ಟು ಬೇಗ ನಿಂತಿರಲಿಕ್ಕಿಲ್ಲ. ಹೇಳುತ್ತಾ ಅಜ್ಜಿ ತಮ್ಮ ಕಿರುಬೆರಳನ್ನು ಸುಮ್ನೆ ಸವರಿಕೊಳ್ಳುತ್ತಿದ್ದರು. ನನಗೆ ಆರುನೂರು ವರ್ಷ ಹತ್ತಿರ ಬಂದದ್ದು ಆಗ.

ಈಗ ಅದೇ ರಸ್ತೆಯಲ್ಲಿ ಕಾರಿನಲ್ಲಿ ಓಡಾಡುತ್ತೇನೆ. ದ್ರಾಕ್ಷಿ ತೋಟಗಳು ಬಹುಪಾಲು ಹೋಗಿವೆ. 2022ರಿಂದ ವಿಮಾನ ನಿಲ್ದಾಣದ ಹತ್ತಿರ ಕೆಂಪೇಗೌಡರ 108 ಅಡಿ ಪ್ರತಿಮೆ ನಿಂತಿದೆ. ಚೆನ್ನಾಗಿದೆ, ಇರಬೇಕಾದ್ದೇ. ಮುತ್ತಾತನಿಗೂ ಒಂದು ಬೋರ್ಡಾದರೂ ದೊಡ್ಡದಾಗಿ ಬೇಡವಾ ಅನ್ನಿಸುತ್ತದೆ.

ಹೋದ ವರ್ಷ ಮಗಳನ್ನು ಕರೆದುಕೊಂಡು ಆವತಿಗೆ ಹೋದೆ. ಕೆಳಗೆ ಟೀ ಅಂಗಡಿಯಲ್ಲಿ ಕೇಳಿದೆ: 'ಯಜಮಾನ್ರೇ, ರಣಭೈರೇಗೌಡರದ್ದು ಇಲ್ಲಿ ಏನಾದ್ರೂ ಐತಾ?'

'ವಿಗ್ರಹ ತಾನೇ? ಅದು ಏರ್‌ಪೋರ್ಟ್ ಹತ್ರ ಸಾರ್, ಹಿಂದೆ ಬಿಟ್ಟು ಬಂದ್ರಿ.'

'ಅವರಲ್ಲ. ಅವರ ಮುತ್ತಾತಂದಿರು.'

'ಓ, ಬಂಡೀಲಿ ಬಂದೋರಾ!' ಎಂದು ಅವರು ಟೀ ಸೋಸುವ ಜರಡಿಯನ್ನೇ ನಂದಿ ಬೆಟ್ಟದ ಕಡೆ ಎತ್ತಿ ತೋರಿಸಿದರು. 'ಆ ಕಡೆಯಿಂದ ಬಂದ್ರಂತೆ. ಏಳು ಬಂಡಿ.'

ಮಗಳು ಆ ದಿಕ್ಕಿಗೆ ತಿರುಗಿ, ಈಗಲೂ ಬರುತ್ತಿವೆಯೇನೋ ಅನ್ನುವ ಹಾಗೆ ನೋಡುತ್ತಾ ನಿಂತಳು.