ಕಾಲಿನ ಮೇಲೊಂದು ಪೆನ್ನಿನ ಗೆರೆ

ಕಾಲಿನ ಸೋಂಕಿನಿಂದ ಮಲಗಿ ಹನ್ನೊಂದು ದಿನ ಆದ ಮೇಲೆ ಇವತ್ತು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ ಹಾಲು ತಂದೆ.

ನನ್ನ ಎಡಗಾಲಿಗೆ ಎಂಟು ವರ್ಷದಿಂದ ಲಿಂಫೆಡೀಮಾ, ಅಂದರೆ ಲಿಂಫ್ ಅನ್ನೋ ದ್ರವ ಸರಿಯಾಗಿ ಹರಿಯದೆ ನಿಂತು ಕಾಲು ಊದಿಕೊಳ್ಳೋದು. ಊರಲ್ಲಿ ಎಲ್ಲರೂ ಆನೆಕಾಲು ಅಂತಾರೆ, ಆದರೆ ನನಗೆ ಇದು ಸೊಳ್ಳೆಯಿಂದ ಬಂದದ್ದಲ್ಲ, ಕ್ಯಾನ್ಸರ್ ಆಪರೇಷನ್‌ನಲ್ಲಿ ತೊಡೆಸಂದಿಯ ಲಿಂಫ್ ಗಂಟುಗಳನ್ನು ತೆಗೆದ ಮೇಲೆ ಶುರುವಾದದ್ದು.

ಈ ಸಲದ ಸೋಂಕಿಗೆ ದಾರಿ ಕಿರುಬೆರಳಿನ ಸಂದಿ. ಮಳೆಗಾಲ, ಒದ್ದೆ ಕಾಲು, ಕೂದಲೆಳೆಯಷ್ಟು ಬಿರುಕು. ಸುಮ್ನೆ ಬಿಟ್ಟೆ. ಸಂಜೆ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ, ಆಮೇಲೆ ನೋಡಿದರೆ ಮೀನಖಂಡದವರೆಗೆ ಕೆಂಪು, ಮುಟ್ಟಿದರೆ ಕಾದ ಹೆಂಚು. ಸೆಲ್ಯುಲೈಟಿಸ್, ಅಂದರೆ ಚರ್ಮದ ಒಳಪದರದ ಸೋಂಕು! ಡಾಕ್ಟರ್ ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು, ಇದನ್ನು ದಾಟಿದರೆ ತಕ್ಷಣ ಬನ್ನಿ ಅಂದರು. ರಾತ್ರಿಯೆಲ್ಲ ಟಾರ್ಚ್ ಹಾಕಿ ಗೆರೆ ನೋಡಿದ್ದೇ ನೋಡಿದ್ದು.

ಮೂರನೇ ದಿನ ಜ್ವರ ಇಳಿಯಿತು. ಹಾಗಂತ ಆಂಟಿಬಯೋಟಿಕ್ ನಿಲ್ಲಿಸೋ ಹಾಗಿಲ್ಲ. ಊತ ಮಾತ್ರ ಹಠಮಾರಿ. ಒಂದೊಂದು ಸೋಂಕೂ ಲಿಂಫ್ ನಾಳಗಳನ್ನು ಇನ್ನಷ್ಟು ಹಾಳು ಮಾಡುತ್ತೆ, ಊತ ಹೆಚ್ಚಿದಷ್ಟೂ ಮುಂದಿನ ಸೋಂಕಿಗೆ ಸಲೀಸು, ಎಂಥಾ ಸುತ್ತು ಅಲ್ವಾ? ನೋವು ಜಾಸ್ತಿ ಇದ್ದಾಗ ಊತ ತಡೆಯೋ ಬಿಗಿ ಸ್ಟಾಕಿಂಗ್ ಹಾಕೋಕೆ ಆಗಲಿಲ್ಲ, ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದೆ. ನಿನ್ನೆಯಿಂದ ಬ್ಯಾಂಡೇಜ್ ಮತ್ತೆ ಶುರು. ಚರ್ಮ ಈರುಳ್ಳಿ ಸಿಪ್ಪೆ ಥರ ಸುಲಿಯುತ್ತಿದೆ.

ಬೆರಳ ಸಂದಿ ಒರೆಸೋಕೆ ಅಂತಲೇ ಒಂದು ಬಿಳಿ ಟವೆಲ್ ಇಟ್ಟಿದ್ದೇನೆ. ಮೊನ್ನೆ ನಮ್ಮ ಯಜಮಾನರು ಅದರಲ್ಲೇ ಸ್ಕೂಟರ್ ಒರೆಸಿದ್ದರು.